ಸ್ಕ್ಯಾನ್‌ಗೆ ಮುನ್ನ ಹಲ್ಲಿನ ವಿಚಾರ

ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ರೂಢಿಯನ್ನು ನಮ್ಮ ಬೂದಿಕೋಟೆಯ ಸುತ್ತಿನ ಹಿರಿಯರು ಇನ್ನೂ ಬಿಟ್ಟಿಲ್ಲ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ನಾನು ಕಷಾಯ ಕೊಟ್ಟು ಕಾಯಿಸುವುದಿಲ್ಲ, ಪರೀಕ್ಷೆಗೆ ಕಳುಹಿಸುತ್ತೇನೆ. ಹಾಗೆ ಹೋದ ಹಿರಿಯ ತಾಯಿಯೊಬ್ಬರು ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಚಿತ್ರದಲ್ಲಿ ಹುಣ್ಣಿನ ಜಾಗದ ಮೇಲೆಯೇ ಕಪ್ಪು ಬಿಳುಪಿನ ಗೆರೆಗಳು! ಲೋಹದ ಕೊಕ್ಕೆಯುಳ್ಳ ಕಟ್ಟಿಸಿದ ಹಲ್ಲುಗಳನ್ನು ಅವರು ಸಂಕೋಚದಿಂದ ಕಳಚಿರಲಿಲ್ಲ. ಅಲ್ಲಿ ಯಾರೂ ಕೇಳಿರಲಿಲ್ಲ. ಕಳುಹಿಸಿದ ನಾನೂ ಹೇಳಿರಲಿಲ್ಲ.

ಕ್ಷಕಿರಣಗಳು ಲೋಹವನ್ನು ಸುಲಭವಾಗಿ ದಾಟಲಾರವು. ಹಲವು ಕೋನಗಳ ಅಳತೆಗಳಿಂದ ಚಿತ್ರ ಕಟ್ಟುವ ಗಣಕಯಂತ್ರದ ಲೆಕ್ಕ ಅಲ್ಲಿ ತಪ್ಪಿ, ಆ ತಪ್ಪೇ ಗೆರೆಗಳಾಗಿ ಹರಡಿ ನಾಲಿಗೆ ದವಡೆಗಳನ್ನು ಮರೆಮಾಡುತ್ತದೆ. ಪಾದರಸ ಬೆರೆತ ಬೆಳ್ಳಿಬಣ್ಣದ ಫಿಲ್ಲಿಂಗ್, ಲೋಹದ ಕ್ಯಾಪ್, ಇಂಪ್ಲಾಂಟ್, ಬಿಳಿಯ ಜಿರ್ಕೋನಿಯಾ ಸಹ ಹೀಗೆಯೇ.

ಕೂಡಿಸಿದ ಹಲ್ಲನ್ನು ಕೀಳಿಸಬೇಕಾಗಿಲ್ಲ. ಮೊದಲೇ ತಿಳಿಸಿದರೆ ಬಾಯಿ ತೆರೆಸಿಯೋ, ಯಂತ್ರವನ್ನು ಓರೆಮಾಡಿಯೋ ಮತ್ತೊಂದು ಚಿತ್ರ ತೆಗೆಯಬಹುದು. ಗೆರೆ ತಗ್ಗಿಸುವ ತಂತ್ರಾಂಶವೂ ಉಂಟು. ಅದು ಕೆಲವೊಮ್ಮೆ ಹುಸಿ ನೆರಳು ಮೂಡಿಸುವುದರಿಂದ ಮೂಲ ಚಿತ್ರವನ್ನೂ ಜೊತೆಗಿಟ್ಟು ನೋಡಬೇಕು.

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ಆಯುರ್ವೇದ ಹೇಳುತ್ತದೆ. ದರ್ಶನವನ್ನು ಯಂತ್ರ ವಹಿಸಿಕೊಂಡಿತೆಂದು ಪ್ರಶ್ನವನ್ನು ಕೈಬಿಡುವುದು ತರವಲ್ಲ. ಓಲೆ, ಸರ ತೆಗೆಯಿರಿ ಎನ್ನುವವರು ಹಲ್ಲನ್ನೂ ಕೇಳಬೇಕು. ಬಾಯಲ್ಲಿ ಕೂಡಿಸಿದ ವಸ್ತು ಯಾವುದೆಂದು ದಂತವೈದ್ಯರು ಚೀಟಿಯಲ್ಲಿ ಬರೆದುಕೊಡಬೇಕು.

ಆ ತಾಯಿಗೆ ಮತ್ತೆ ಪ್ರಯಾಣ, ಮತ್ತೆ ಖರ್ಚು. ಎರಡನೆಯ ಚಿತ್ರದಲ್ಲಿ ರೋಗ ದವಡೆಯ ಮೂಳೆಗೆ ತಗುಲಿಲ್ಲವೆಂದು ಸ್ಪಷ್ಟವಾಯಿತು, ಮೂಳೆ ಉಳಿಯಿತು.