ಗಾಡಿ ನಮ್ಮದು, ಅದರ ಕೈಪಿಡಿ ಯಾರದು?



ನಿಮ್ಮದೊಂದು ಹಳೆಯ ಪೆಟ್ರೋಲ್ ಕಾರು ಇದೆ ಎನ್ನಿ. ಕುಣಿಗಲ್ ಬಿಟ್ಟು ತುಮಕೂರಿಗೆ ಬರುವಾಗ ಹೆಬ್ಬೂರಿನ ಬಳಿ ಇದ್ದಕ್ಕಿದ್ದಂತೆ ನಿಂತಿತು. ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮರುದಿನ ಗುಬ್ಬಿ ದಾರಿಯಲ್ಲೂ ಇದೇ ಕಥೆ. ಗ್ಯಾರೇಜಿಗೆ ಒಯ್ದರೆ ಸ್ಕ್ಯಾನರ್ ಹಾಕುತ್ತಾರೆ. ಪರದೆಯ ಮೇಲೆ ‘ಪಿ 0335’ ಎಂದು ಬರುತ್ತದೆ, ಪಕ್ಕದಲ್ಲಿ ಒಂದು ಸಾಲು ಇಂಗ್ಲಿಷ್. "ಕ್ರ್ಯಾಂಕ್ ಸೆನ್ಸಾರ್ ಹೋಗಿದೆ ಸಾರ್, ಹೊಸದು ಹಾಕಬೇಕು" ಎನ್ನುತ್ತಾರೆ. ನೀವು ದುಡ್ಡು ಎಣಿಸುತ್ತೀರಿ. ಮೂರನೇ ದಿನ ಕಾರು ಮತ್ತೆ ನಿಲ್ಲುತ್ತದೆ!

ತಪ್ಪು ಮೇಸ್ತ್ರಿಯದೇ? ಅಲ್ಲ. ಆ ಇಂಗ್ಲಿಷ್ ಸಾಲಿನಲ್ಲಿ ‘ಸರ್ಕ್ಯೂಟ್’ ಎಂಬ ಪದವಿದೆ. ಸೆನ್ಸಾರೇ ಕೆಟ್ಟಿದೆ ಎಂದು ಅದು ಹೇಳುತ್ತಿಲ್ಲ. ಸೆನ್ಸಾರು, ಅದರ ವೈರು, ಕಪ್ಲರು, ಈ ಹಾದಿಯಲ್ಲಿ ಎಲ್ಲೋ ದೋಷವಿದೆ ಎನ್ನುತ್ತಿದೆ. ಇಲಿ ಕಡಿದ ವೈರೂ ಇದೇ ನಂಬರು ತರಬಲ್ಲದು, ಸಡಿಲವಾದ ಪಿನ್ನೂ ತರಬಲ್ಲದು. ಈ ಒಂದು ಪದ ಕನ್ನಡದಲ್ಲಿ ಅರ್ಥವಾಗಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು, ಮೇಸ್ತ್ರಿಯ ಮಾನವೂ ಉಳಿಯುತ್ತಿತ್ತು.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎನ್ನುವ ಮಹಾಶಯರು ಕೇಳಿಸಿಕೊಳ್ಳಲಿ. ಕ್ರ್ಯಾಂಕ್ ಸೆನ್ಸಾರ್ ಇರುವುದು ಫ್ಲೈವೀಲ್ ಪಕ್ಕ, ಇಲ್ಲವೇ ಮುಂದಿನ ಕ್ರ್ಯಾಂಕ್ ಪುಲ್ಲಿಯ ಬಳಿ. ಕೂಲೆಂಟ್ ಸೆನ್ಸಾರ್ ಸಾಮಾನ್ಯವಾಗಿ ಥರ್ಮೋಸ್ಟಾಟ್ ಹತ್ತಿರ. ಆಕ್ಸಿಜನ್ ಸೆನ್ಸಾರ್ ಸೈಲೆನ್ಸರ್ ಪೈಪಿನ ಹಾದಿಯಲ್ಲಿ, ಎಂಜಿನ್ನಿಗೆ ಸಮೀಪ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಪ್ಲರ್ ತೆಗೆದು ನೋಡಿ. ಎರಡು ವೈರಿನ ಕ್ರ್ಯಾಂಕ್ ಸೆನ್ಸಾರನ್ನು ಮಲ್ಟಿಮೀಟರಿನಲ್ಲಿ ಓಮ್ ಅಳೆದು ಪರೀಕ್ಷಿಸಬಹುದು. ಮೂರು ವೈರಿನ ಹಾಲ್ ಸೆನ್ಸಾರಿಗೆ ಆ ಲೆಕ್ಕ ನಡೆಯದು. ಕೂಲೆಂಟ್ ಸೆನ್ಸಾರ್ ಬಿಚ್ಚುವುದಾದರೆ ಎಂಜಿನ್ ಪೂರ್ತಿ ಆರಿರಲಿ, ಇಲ್ಲವಾದರೆ ಕೈ ಸುಟ್ಟೀತು. ಹೊಸದು ಕೂರಿಸಿದ ಮೇಲೆ ಕೋಡ್ ಅಳಿಸಿ, ಓಡಿಸಿ ನೋಡಿ. ಇದರಲ್ಲಿ ಯಾವ ಮಾತು ಕನ್ನಡಕ್ಕೆ ಭಾರವಾಯಿತು? ಸೆನ್ಸಾರ್ ಸೆನ್ಸಾರೇ ಆಗಿರಲಿ, ಅದಕ್ಕೊಂದು ಸಂಸ್ಕೃತದ ಹೆಸರು ಕಟ್ಟಬೇಡಿ. ವಾಕ್ಯ ಕನ್ನಡವಾದರೆ ಸಾಕು.

ಕಾರ್ಬ್ಯುರೇಟರ್ ಕಾಲದಲ್ಲಿ ನಮ್ಮ ಮೇಸ್ತ್ರಿ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. 2000ದ ಆಚೆಗೆ ಎಂಜಿನ್ ವೈರಿನ ಮೂಲಕ ಮಾತಾಡತೊಡಗಿತು. 2020ರಲ್ಲಿ ಬಿಎಸ್-6 ಬಂದ ಮೇಲೆ ಸೆನ್ಸಾರುಗಳು ಇನ್ನಷ್ಟು ಹೆಚ್ಚಿದವು. ಅವನ ಕೈಯ ವಿದ್ಯೆ ಹೋಗಿಲ್ಲ, ಓದುವ ಹಾಳೆ ಮಾತ್ರ ಅವನ ಭಾಷೆಯಲ್ಲಿಲ್ಲ. ಗುಬ್ಬಿ ತಾಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರಿಗೆ ನೆಲ ಕೊಟ್ಟ ತಾಲೂಕಿನ ಹುಡುಗ ಹಳೆಯ ಕಾರಿನ ವೈರಿಂಗ್ ನಕ್ಷೆಯನ್ನು ಕನ್ನಡದಲ್ಲಿ ಕೇಳಿದರೆ ಅಂಗಡಿಯವನು ನಗುತ್ತಾನೆ!

ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಬೇಕಾದ ಕನ್ನಡ ರಿಪೇರಿ ಕೈಪಿಡಿಗೆ ಬೇಡವೇ? ಇಲ್ಲಿ ಗಾಡಿ ಮಾರುವ ಪ್ರತಿಯೊಂದು ಕಂಪನಿಯೂ ಅದನ್ನು ಕನ್ನಡದಲ್ಲಿ ಕೊಡಲೆಂದು ಸರ್ಕಾರ ಆದೇಶಿಸಬೇಕು.

ಅಲ್ಲಿಯವರೆಗೆ ನೀವು ಸುಮ್ಮನಿರಬೇಡಿ. ಹೊಸ ಸೆನ್ಸಾರ್ ಕೊಳ್ಳುವ ಮೊದಲು "ವೈರು, ಕಪ್ಲರು ನೋಡಿದಿರಾ?" ಎಂದು ಕೇಳಿ. ಬಿಚ್ಚಿದ ಹಳೆಯದನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ. ಮೇಸ್ತ್ರಿಗಳೇ, ನಿಮಗೆ ಗೊತ್ತಿರುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ನಾಳೆ ನಿಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬರುವ ಹುಡುಗನಿಗೆ ಅದೇ ಮೊದಲ ಕೈಪಿಡಿಯಾಗುತ್ತದೆ.