ಕೈಯಲ್ಲಿ ಮೊಬೈಲು, ಶಾಲೆಯಲ್ಲಿ ಸೀಮೆಸುಣ್ಣ!

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ - ಜಿಲ್ಲೆಯ ಯಾವ ಊರಿಗೆ ಹೋದರೂ ಸಂಜೆ ಐದರ ಮೇಲೆ ಒಂದೇ ನೋಟ. ಅರಳಿಕಟ್ಟೆಯ ಮೇಲೋ ಬಸ್ ಸ್ಟ್ಯಾಂಡಿನ ಮೂಲೆಯಲ್ಲೋ ನಾಲ್ಕು ಹುಡುಗರು, ನಡುವೆ ಒಂದು ಮೊಬೈಲು. ಬೆಳಿಗ್ಗೆ ಅದೇ ಹುಡುಗರು ಶಾಲೆಗೆ ಕಾಲಿಟ್ಟರೆ ಮೊಬೈಲಿನ ಹೆಸರೆತ್ತುವುದೇ ಅಪರಾಧ! ಶಾಲೆಯ ಒಳಗೊಂದು ಲೋಕ, ಹೊರಗೊಂದು ಲೋಕ. ಇವೆರಡನ್ನೂ ಜೋಡಿಸೋರು ಯಾರು?

ಹಳ್ಳಿ ಮಕ್ಕಳಿಗೆ ಇದೆಲ್ಲ ಎಲ್ಲಿ ಬರುತ್ತೆ ಎನ್ನುವ ಕಾಲ ಹೋಯಿತು. 2024ರ 'ಅಸರ್' ಸಮೀಕ್ಷೆಯ ಪ್ರಕಾರ ದೇಶದ ಗ್ರಾಮಾಂತರದಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸುವುದು ಗೊತ್ತು. ಹಾಗೆ ಬಲ್ಲವರ ಪೈಕಿ ಅದರ ಹಿಂದಿನ ವಾರದಲ್ಲಿ ಸೋಷಿಯಲ್ ಮೀಡಿಯಾ ನೋಡಿದವರು ನೂರಕ್ಕೆ 76. ಓದಿಗೆಂದು ಬಳಸಿದವರು 57. ಅಂದರೆ ಓದಿನ ಚಟವೂ ಇಲ್ಲದಿಲ್ಲ. ಮಕ್ಕಳ ಕೈ ಪಳಗಿದೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುವವರು ಮಾತ್ರ ಪಕ್ಕದಲ್ಲಿಲ್ಲ.

ಕೊರೊನಾ ಕಾಲದ ಪಾಠ ಇಷ್ಟು ಬೇಗ ಮರೆತುಹೋಯಿತೆ? 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಸ್ಮಾರ್ಟ್‌ಫೋನ್ ಇರುವ ಮಕ್ಕಳು, ಸಾದಾ ಫೋನ್ ಇರುವ ಮಕ್ಕಳು, ಏನೂ ಇಲ್ಲದ ಮಕ್ಕಳು ಎಂದು ವಿಂಗಡಿಸಿ ಮೇಷ್ಟ್ರುಗಳೇ ಓಣಿಗೆ, ಗುಡಿಯ ಜಗಲಿಗೆ ಬಂದು ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಶಾಲೆಯ ಬಾಗಿಲು ಮತ್ತೆ ತೆರೆದಾಗ, ಅದುವರೆಗೆ ಪಾಠದ ಸಾಧನವಾಗಿದ್ದ ಮೊಬೈಲು ರಾತ್ರೋರಾತ್ರಿ ಕೆಟ್ಟ ವಸ್ತುವಾಯಿತು!

ತಂತ್ರಜ್ಞಾನ ಶಾಲೆಗೆ ಬರಲೇ ಇಲ್ಲವೆ? ಬಂತು, ಕಾವಲುಗಾರನಾಗಿ ಬಂತು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 96.80 ಫಲಿತಾಂಶದೊಂದಿಗೆ ಚಿತ್ರದುರ್ಗ ರಾಜ್ಯಕ್ಕೇ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕ ಕೊಟ್ಟ ಮೇಲೆ. ಮೊದಲ ಸ್ಥಾನ ಉಡುಪಿಯ ಪಾಲಾಯಿತು. ನಕಲು ತಡೆಯಬೇಕು, ಸರಿ. ಆದರೆ ಪರೀಕ್ಷೆಯ ದಿನ ಮಗುವನ್ನು ಕಾಯಲು ಇಂಟರ್‌ನೆಟ್ ಸಿಗುತ್ತೆ, ವರ್ಷವಿಡೀ ಕಲಿಸಲು ಸಿಗುವುದಿಲ್ಲ ಎಂದರೆ ಏನರ್ಥ ಸ್ವಾಮಿ?

ಮಾಡುವ ಮನಸ್ಸಿದ್ದರೆ ದಾರಿ ದೂರವಿಲ್ಲ. ದುರ್ಗದ ಹುಡುಗ ಮೊಬೈಲಿನಲ್ಲಿ 'ಮಯೂರ' ಎಂದು ಹುಡುಕಿದರೆ ಮೊದಲು ಕಾಣುವುದು 1975ರ ರಾಜ್‌ಕುಮಾರ್ ಸಿನಿಮಾ. ನೋಡಲಿ ಬಿಡಿ. ಮರುದಿನ ಮೇಷ್ಟ್ರು ಅವನನ್ನು ಊರ ಪಕ್ಕದ ಚಂದ್ರವಳ್ಳಿಗೆ ಕರೆದೊಯ್ದು, ಕೆರೆಯ ವಿಷಯ ಹೇಳುವ ಮಯೂರಶರ್ಮನ ಪ್ರಾಕೃತ ಶಾಸನ ತೋರಿಸಲಿ. ಸಿನಿಮಾದಲ್ಲಿ ಏನಿದೆ, ಕಲ್ಲಿನಲ್ಲಿ ಏನಿದೆ ಎಂದು ಹುಡುಗ ತಾನೇ ಬರೆಯಲಿ. ಹಿರಿಯೂರಿನ ಮಕ್ಕಳಿಗೆ ವಾಣಿವಿಲಾಸ ಸಾಗರವಿದೆ. 1933ರ ನಂತರ 2022ರಲ್ಲಿ, 89 ವರ್ಷಕ್ಕೆ ಕೋಡಿ ಬಿದ್ದಾಗ ಊರಿಗೆ ಊರೇ ವಿಡಿಯೋ ಮಾಡಿತು. ಜಲಾಶಯದ 130 ಅಡಿ, ದಿನದ ನೀರಿನ ಮಟ್ಟ, ಮಳೆ ಲೆಕ್ಕ ಹಿಡಿದು ನಕ್ಷೆ ಬಿಡಿಸಿದರೆ ಅದೇ ಗಣಿತ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ಕೊಬ್ಬರಿ ಧಾರಣೆಯನ್ನು ಅಪ್ಪ ದಿನಾ ಮೊಬೈಲಿನಲ್ಲಿ ನೋಡುತ್ತಾನೆ. ಮಗಳು ಅದನ್ನೇ ಒಂದು ತಿಂಗಳು ಬರೆದಿಟ್ಟು ಸರಾಸರಿ ತೆಗೆಯಬಾರದೆ? ಪಠ್ಯಪುಸ್ತಕದಲ್ಲಿ 'ದೀಕ್ಷಾ'ದ ಕ್ಯೂಆರ್ ಚಿತ್ರ ಅಚ್ಚಾಗಿದೆಯಲ್ಲ, ಅದೇನು ಅಂದಕ್ಕೆ ಹಾಕಿದ್ದೆ?

ಹೆತ್ತವರ ಭಯ ಸುಳ್ಳಲ್ಲ. ರೀಲ್ಸು, ಗೇಮು, ನಿದ್ದೆಗೇಡು ಮನೆ ಮನೆಯ ಗೋಳು. ಆಸ್ಟ್ರೇಲಿಯಾದವರು 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆಯೇ ಬೇಡವೆಂದರು. ಆದರೆ ಖಾತೆಗೆ ಬೀಗ ಹಾಕುವುದು ಬೇರೆ, ಹುಡುಕಿ ಪರೀಕ್ಷಿಸುವ ಬುದ್ಧಿ ಕಲಿಸುವುದು ಬೇರೆ. ಅದಕ್ಕೆ ಪ್ರತಿ ಮಗುವಿನ ಕೈಗೂ ಫೋನ್ ಕೊಡಬೇಕಿಲ್ಲ. ಕೊಟ್ಟರೆ, ಇಲ್ಲದ ಮನೆಯ ಮಗು 2020ರಂತೆ ಮತ್ತೆ ಹಿಂದಿನ ಬೆಂಚಿಗೇ. ತರಗತಿಗೆ ಒಂದು ಪರದೆ, ಮೇಷ್ಟ್ರ ಕೈಯಲ್ಲಿ ಅದರ ಹಿಡಿತ, ವಾರಕ್ಕೆ ಎರಡು ಪಿರಿಯಡ್ಡು - ಶುರು ಮಾಡಲು ಇಷ್ಟು ಸಾಕು.

ಆ ಮೇಷ್ಟ್ರಿಗಾದರೂ ಪುರುಸೊತ್ತೆಲ್ಲಿ? ಮಕ್ಕಳ ಮಾಹಿತಿ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಮೊಬೈಲಿಗೋ ಕಂಪ್ಯೂಟರಿಗೋ ತುಂಬುವುದರಲ್ಲೇ ಹೊತ್ತು ಮುಳುಗುತ್ತದೆ. ಸರ್ಕಾರಿ ಶಾಲೆಗೆ ಕರೆಂಟು, ನೀರು ಉಚಿತ ಎಂದು ಸರ್ಕಾರ 2024ರಲ್ಲಿ ಹೇಳಿದ್ದಾಗಿದೆ. ಇನ್ನು ಬೇಕಿರುವುದು ಇಂಟರ್‌ನೆಟ್ಟಿನ ಖರ್ಚು, ಕೆಟ್ಟರೆ ರಿಪೇರಿ ಮಾಡುವವರು, ಮೇಷ್ಟ್ರಿಗೆ ತರಬೇತಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಟ್ಟ ಅನುಭವವೂ ಅಲ್ಲಿಯವರಿಗಿದೆ. ಮನೆಯಂಗಳದ ಈ ಅನುಕೂಲವನ್ನು ಜಿಲ್ಲೆ ಪೂರಾ ದುಡಿಸಿಕೊಳ್ಳಬೇಡವೆ?

ಅರಳಿಕಟ್ಟೆಯ ಹುಡುಗರು ಯಾರ ಅಪ್ಪಣೆಗೂ ಕಾದಿಲ್ಲ. ಒಳ್ಳೆಯದೋ ಕೆಟ್ಟದ್ದೋ ತಾವೇ ಕಲಿಯುತ್ತಿದ್ದಾರೆ. ಮುಂದಿನ ಜೂನ್‌ಗೆ ಶಾಲೆ ಶುರುವಾಗುವ ಮೊದಲು ತಾಲ್ಲೂಕಿಗೆ ಹತ್ತು ಶಾಲೆಯಲ್ಲಾದರೂ ಇದನ್ನು ಪ್ರಯೋಗಿಸಿ ನೋಡುವ ಮನಸ್ಸನ್ನು ಶಿಕ್ಷಣ ಇಲಾಖೆಯವರು ಮಾಡುವರೇ?