ಕೊನೇ ಸ್ಟೇಜು ಅಂದ್ರೆ ಬಿಟ್ಟುಬಿಡೋದಾ?

ಕ್ಯಾನ್ಸರ್ ಕೊನೇ ಸ್ಟೇಜಿಗೆ ಬಂದ ಮನೇಲಿ ಒಂದು ಮಾತು ಬಲು ಬೇಗ ಬಂದು ಕೂತ್ಕೊಳ್ಳತ್ತೆ: ‘ಇನ್ನೇನಿದೆ ಬಿಡಿ.’ ಊಟ ಸೇರದಿದ್ರೂ ಅದೇ, ಕಾಲು ಊದಿದ್ರೂ ಅದೇ, ಮಾತು ತೊದಲಿದ್ರೂ ಅದೇ. ನನ್ನ ಸಿಟ್ಟೆಲ್ಲ ಈ ಮಾತಿನ ಮೇಲೆ.

ನಮ್ಮ ಓರಗಿತ್ತಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರು. ಒಂದಿನ ಕಾಫಿ ಲೋಟ ಕೈಯಿಂದ ಜಾರಿ, ಬಾಯಿ ಒಂದ್ಕಡೆ ವಾಲಿತು. ವಿಜಯನಗರದ ಆ ಮನೆ ತುಂಬ ಜನ. ಒಬ್ರು ಕೀಮೋ ಸುಸ್ತು ಅಂದ್ರು, ಇನ್ನೊಬ್ರು ದೃಷ್ಟಿ ತೆಗೀರಿ ಅಂದ್ರು, ಮತ್ತೊಬ್ರು ಕ್ಯಾನ್ಸರ್ ತಲೆಗೆ ಏರಿದೆ ಅಂತ ತೀರ್ಪೇ ಕೊಟ್ರು. ಆಸ್ಪತ್ರೇಲಿ ಎಕೋ ಮಾಡಿದಾಗ ಗೊತ್ತಾಯ್ತು, ಹೃದಯದ ಕವಾಟದಿಂದ ಗೆಡ್ಡೆ ಹೊರಟು ಮಿದುಳಿಗೆ ಹೋಗಿದೆ.

ಪ್ಯಾಂಕ್ರಿಯಾಸ್, ಶ್ವಾಸಕೋಶ, ಅಂಡಾಶಯ, ಇಂಥ ಕ್ಯಾನ್ಸರುಗಳಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟತ್ತೆ. ಹಾಲು ಕಾಯಿಸಿದ ಪಾತ್ರೆ ಅಂಚಿಗೆ ಕೆನೆ ಹತ್ಕೊಳ್ಳೋ ಹಾಗೆ ಕವಾಟದ ಅಂಚಿಗೆ ಸಣ್ಣ ಗಂಟುಗಳು ಕೂರತ್ವೆ. ಕಿತ್ಕೊಂಡು ಮಿದುಳಿಗೆ ಹೋದ್ರೆ ಸ್ಟ್ರೋಕು. ಇದರಲ್ಲಿ ಕ್ರಿಮಿ ಇಲ್ಲ, ಆ್ಯಂಟಿಬಯೋಟಿಕ್‌ಗೆ ಬಗ್ಗಲ್ಲ. ಎಷ್ಟೋ ಸಲ ಸ್ಟೆತಾಸ್ಕೋಪಿಗೂ ಏನೂ ಕೇಳಿಸಲ್ಲ. ಮೇಲಿನ ಎಕೋದಲ್ಲಿ ಕಾಣದೆ, ಗಂಟಲಲ್ಲಿ ನಳಿಗೆ ಇಳಿಸಿ ನೋಡಬೇಕಾಗೋದೂ ಉಂಟು. ಮರಾಂಟಿಕ್ ಎಂಡೋಕಾರ್ಡೈಟಿಸ್ ಅಂತ ಹೆಸರು. ಗ್ರೀಕಿನಲ್ಲಿ ಬಾಡಿಹೋಗೋದು ಅಂತ ಅರ್ಥ. ಜೀಗ್ಲರ್ ಅನ್ನೋರು 1888ರಲ್ಲೇ ಇದರ ಬಗ್ಗೆ ಬರೆದಿದ್ರು. ನಮ್ಮ ಬಾಯಲ್ಲಿ ಇನ್ನೂ ದೃಷ್ಟಿನೇ!

ಔಷಧಿ ಇಲ್ವಾ? ಇದೆ. ಹೆಪಾರಿನ್ ಜಾತಿಯ ಇಂಜೆಕ್ಷನ್, ಇನ್ಸುಲಿನ್ ಥರ ಹೊಟ್ಟೆ ಚರ್ಮಕ್ಕೆ ಚುಚ್ಚೋದು. ರಕ್ತಸ್ರಾವದ ಭಯ ಇರೋದ್ರಿಂದ ಡಾಕ್ಟ್ರೇ ತೂಗಿ ನೋಡಿ ಕೊಡಬೇಕು. ಕ್ಯಾನ್ಸರ್ ಇದರಿಂದ ಹೋಗಲ್ಲ, ಒಪ್ಕೋತೀನಿ. ಆದ್ರೆ ಇನ್ನೊಂದು ಸ್ಟ್ರೋಕು ತಪ್ಪಿದ್ರೆ ಮಗಳ ಹೆಸರು ಹಿಡಿದು ಕರೀಬಹುದು, ತಾನೇ ತುತ್ತು ಎತ್ತಿಕೊಳ್ಳಬಹುದು. ಉಳಿದಿರೋದು ಎರಡೇ ತಿಂಗಳಾದ್ರೆ ಆ ಎರಡು ತಿಂಗಳಿಗೆ ಬೆಲೆ ಇಲ್ವಾ?

ಇನ್ನು ಅಮೆರಿಕದಿಂದ ಫೋನ್ ಮಾಡಿ, ಎದೆ ತೆರೆಸಿ ಕವಾಟ ಬದಲಾಯಿಸಿ ಅಂತ ಹಠ ಹಿಡಿಯೋ ಮಕ್ಕಳೂ ಇದಾರೆ. ಅಷ್ಟು ಸೊರಗಿದ ದೇಹಕ್ಕೆ ಅಂಥ ಆಪರೇಷನ್ ಅಪರೂಪಕ್ಕೆ ಮಾತ್ರ ಮಾಡ್ತಾರೆ.

ಕ್ಯಾನ್ಸರಿಗೆ ಕಿದ್ವಾಯಿ, ಹಾರ್ಟಿಗೆ ಜಯದೇವ ಅಂತ ನಾವು ತಲೇಲಿ ಬೇರೆ ಬೇರೆ ಡಬ್ಬಿ ಇಟ್ಕೊಂಡಿದೀವಿ. ರಕ್ತ ಎರಡು ಕಡೆಗೂ ಒಂದೇ ತಾನೆ? ಬಾಯಿ ವಾಲಿದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕ್ಯಾನ್ಸರ್ ಇದೆ ಅಂತ ಮೊದಲೇ ಹೇಳಿ, ಎಕೋ ಬೇಕಾ ಅಂತ ಕೇಳಿ.

ಅವಳೇ ಇಂಜೆಕ್ಷನ್ ಸಾಕು ಅಂದ್ರೆ ಅದೂ ಸರಿ. ನೋವು ನೋಡ್ಕೊಳ್ಳೋಕೆ ಮಾರತಹಳ್ಳಿ ಕಡೆ ಕರುಣಾಶ್ರಯ ಇದೆ, ದುಡ್ಡು ತಗೊಳ್ಳಲ್ಲ. ಆದ್ರೆ ‘ಸಾಕು’ ಅನ್ನೋದನ್ನ ಅವಳು ಹೇಳಬೇಕು, ಹಜಾರದಲ್ಲಿ ಕಾಫಿ ಕುಡೀತಾ ಕೂತ ನಾವಲ್ಲ.